ಟಿಪ್ಪಣಿ ತಂತ್ರಾಂಶ: ಚೀಟಿಪೆಟ್ಟಿಗೆಯಿಂದ ಕೊಂಡಿಯವರೆಗೆ

ಟಿಪ್ಪಣಿ ತಂತ್ರಾಂಶವೆಂದರೆ ಓದಿದ್ದನ್ನೂ ಹೊಳೆದದ್ದನ್ನೂ ಬರೆದಿಟ್ಟು, ಬೇಕಾದಾಗ ಕೈಗೆ ಸಿಗುವಂತೆ ಜೋಡಿಸಿಕೊಳ್ಳಲು ನೆರವಾಗುವ ತಂತ್ರಾಂಶ. ತಂತ್ರಾಂಶ ಹೊಸದಾದರೂ ಕ್ರಮ ಹಳೆಯದು. ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು, ಕತ್ತರಿಸಿ, ಚೀಟಿಗಳನ್ನು ವಿಷಯವಾರು ಜೋಡಿಸುವ ವಿಧಾನವನ್ನು ಜ್ಯೂರಿಕ್‌ನ ವಿದ್ವಾಂಸ ಕಾನ್ರಾಡ್ ಗೆಸ್ನರ್ 1548ರಲ್ಲೇ ವಿವರಿಸಿದ್ದರು.

ಈ ಕ್ರಮಕ್ಕೆ ನಿಜವಾದ ತಿರುವು ಕೊಟ್ಟವರು ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ (1927–1998). 1950ರ ದಶಕದಿಂದ ಆರಂಭಿಸಿ ಸುಮಾರು 90,000 ಚೀಟಿಗಳನ್ನು ಅವರು ಮರದ ಪೆಟ್ಟಿಗೆಗಳಲ್ಲಿ ಕೂಡಿಸಿದರು. ಜಾಗ ಉಳಿಯಲೆಂದು ದಪ್ಪ ಕಾರ್ಡಿನ ಬದಲು ಮಾಮೂಲಿ ಕಾಗದ ಬಳಸುತ್ತಿದ್ದರು. ಚೀಟಿಗಳನ್ನು ವಿಷಯದ ಪ್ರಕಾರ ವಿಂಗಡಿಸದೆ ಪ್ರತಿಯೊಂದಕ್ಕೂ ಒಂದು ನಂಬರು ಕೊಟ್ಟದ್ದೇ ಅವರ ಹೆಚ್ಚುಗಾರಿಕೆ. 57/12ನೆಯ ಚೀಟಿಯ ವಿಚಾರ ಮುಂದುವರಿದರೆ ಅದು 57/13. 57/12ರಲ್ಲಿನ ಒಂದು ಮಾತಷ್ಟೇ ಕವಲೊಡೆದರೆ ಅದು 57/12ಎ, ಎರಡರ ನಡುವೆ ಸೇರುತ್ತದೆ. ನಂಬರು ಬಿದ್ದ ಚೀಟಿ ಜಾಗ ಬದಲಿಸದು. ಆದ್ದರಿಂದ ಎಲ್ಲೋ ದೂರದ ಚೀಟಿಯಲ್ಲಿ ಆ ನಂಬರು ಬರೆದರೆ ಸಾಕು, ಎರಡು ವಿಚಾರಗಳಿಗೆ ನಂಟು ಬೆಳೆಯುತ್ತದೆ. 1981ರ ಪ್ರಬಂಧದಲ್ಲಿ ಲೂಮನ್ ಈ ಪೆಟ್ಟಿಗೆಯನ್ನು ತಮ್ಮೊಡನೆ ಸಂವಾದಿಸುವ ಜೊತೆಗಾರನೆಂದು ಬಗೆದರು. ಅದು ಉತ್ಪ್ರೇಕ್ಷೆಯಲ್ಲ: ಬರೆದವರೇ ಮರೆತ ನಂಟನ್ನು ಪೆಟ್ಟಿಗೆ ಎದುರಿಗಿಡುತ್ತಿತ್ತು. 2011ರಲ್ಲಿ ಬೀಲೆಫೆಲ್ಡ್ ವಿಶ್ವವಿದ್ಯಾಲಯ ಈ ಸಂಗ್ರಹವನ್ನು ಪಡೆದುಕೊಂಡಿತು.

ಕಂಪ್ಯೂಟರ್‌ನ ಲೋಕ ಇದೇ ಕೊಂಡಿಯ ವಿಚಾರಕ್ಕೆ ಬಂದ ದಾರಿ ಬೇರೆಯೇ. ಅಮೆರಿಕದ ವ್ಯಾನೆವಾರ್ ಬುಷ್ 1945ರಲ್ಲಿ ಮೈಕ್ರೋಫಿಲ್ಮ್ ಆಧಾರಿತ 'ಮೆಮೆಕ್ಸ್' ಎಂಬ, ಬರಹಗಳನ್ನು ಒಂದಕ್ಕೊಂದು ಕೊಂಡಿ ಹಾಕಿಡುವ ಮೇಜಿನ ಕಲ್ಪನೆ ಕೊಟ್ಟರು, ಅದು ತಯಾರಾಗಲಿಲ್ಲ. 1987ರಲ್ಲಿ ಆ್ಯಪಲ್‌ನ ಹೈಪರ್‌ಕಾರ್ಡ್, 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಅವರ ವಿಕಿ ಬಂದವು; ಎರಡರಲ್ಲೂ ಒಂದು ಕಾರ್ಡು ಅಥವಾ ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಾಕಬಹುದಿತ್ತು. 2008ರಲ್ಲಿ ಸಾರ್ವಜನಿಕರಿಗೆ ದೊರೆತ ಎವರ್‌ನೋಟ್ ಚಿತ್ರ, ಪುಟ, ಬರಹ ಎಲ್ಲವನ್ನೂ ಒಂದೆಡೆ ಕೂಡಿಸುವುದನ್ನು ಸುಲಭ ಮಾಡಿತು. ಆದರೆ ಕೂಡಿಸಿದ್ದೆಲ್ಲ ಅರಗುವುದಿಲ್ಲ. ಕಣಜ ತುಂಬಿದರೂ ಅಡುಗೆ ಬಾಕಿಯೇ.

2020ರ ಹೊತ್ತಿಗೆ ಹೆಸರಾದ ಟಿಪ್ಪಣಿ ತಂತ್ರಾಂಶಗಳಾದ ರೋಮ್ ರಿಸರ್ಚ್, ಅಬ್ಸಿಡಿಯನ್‌ಗಳು ಲೂಮನ್ನರ ದಾರಿಗೆ ಮರಳಿದವು. ಇವುಗಳಲ್ಲಿ ಒಂದು ಪದವನ್ನು ಜೋಡಿ ಚೌಕ ಆವರಣದಲ್ಲಿ ಬರೆದರೆ ಆ ಹೆಸರಿನ ಟಿಪ್ಪಣಿಗೆ ಕೊಂಡಿ ಬೀಳುತ್ತದೆ. ಆ ಟಿಪ್ಪಣಿ ತೆರೆದಾಗ ತನ್ನನ್ನು ನೆನೆದ ಉಳಿದ ಟಿಪ್ಪಣಿಗಳನ್ನೂ ತೋರಿಸುತ್ತದೆ. ಕಾಗದದಲ್ಲಿ ಲೂಮನ್ ಎರಡೂ ಕಡೆ ಕೈಯಾರೆ ಬರೆಯಬೇಕಿದ್ದ ಕೆಲಸವಿದು. ಅಬ್ಸಿಡಿಯನ್ ಟಿಪ್ಪಣಿಗಳು ಬಳಕೆದಾರರ ಕಂಪ್ಯೂಟರ್‌ನಲ್ಲೇ ಸಾದಾ ಪಠ್ಯದ ಕಡತಗಳಾಗಿ ಉಳಿಯುತ್ತವೆ. ತಂತ್ರಾಂಶ ನಿಂತುಹೋದರೂ ಬರಹ ಕೈತಪ್ಪದು.

ಯೂನಿಕೋಡ್‌ನಲ್ಲಿ ಬರೆದ ಕನ್ನಡ ಟಿಪ್ಪಣಿಗಳಿಗೂ ಹುಡುಕಾಟ, ಕೊಂಡಿ ಸಲೀಸು. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪಾದ ಬರಹ ಮಾತ್ರ ಇಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಅದನ್ನು ಮೊದಲು ಪರಿವರ್ತಿಸಿಕೊಳ್ಳಬೇಕು.