ಗಣಕದ ನಿದ್ದೆಯೂ ಮರೆವೂ

ಕವಿ ಲಕ್ಷ್ಮೀಶನ ಊರೆಂದು ಪ್ರಸಿದ್ಧವಾದ ಕಡೂರು ತಾಲ್ಲೂಕಿನ ದೇವನೂರಿನಲ್ಲಿ ಕೆಲವು ವರ್ಷಗಳ ಹಿಂದೆ ಒಂದು ವಾರ ತಂಗಿದ್ದೆನು. ವಯೋವೃದ್ಧೆಯಾದ ಸೋದರತ್ತೆಯವರು ಹೇಳುತ್ತಿದ್ದ ಊರಿನ ಹಳೆಯ ಸಂಗತಿಗಳನ್ನು ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುತ್ತಿದ್ದೆನು. ಕೊನೆಯ ರಾತ್ರಿ ಕಡತವನ್ನು ಸೇವ್ ಮಾಡದೆ, ಮುಚ್ಚಳವನ್ನಷ್ಟೇ ಮುಚ್ಚಿ ಮಲಗಿದೆನು. ರಾತ್ರಿ ಕರೆಂಟು ಹೋಯಿತು, ಬ್ಯಾಟರಿಯೂ ಹಳೆಯದು. ಬೆಳಗ್ಗೆ ನೋಡಿದರೆ ಅಂದಿನ ಬರಹವೆಲ್ಲ ಮಾಯವಾಗಿತ್ತು. ಸ್ಲೀಪ್, ಹೈಬರ್ನೇಟ್, ಷಟ್‌ಡೌನ್ ಎಂಬ ಮೂರರ ಭೇದವನ್ನು ನಾನು ಕಲಿತದ್ದು ಆಮೇಲೆ. ಆ ಭೇದಕ್ಕೂ ಒಂದು ಇತಿಹಾಸವಿದೆ.

ಹಿಂದಿನ ಅನೇಕ ಗಣಕಗಳಿಗೆ ಈ ಮರೆವು ಇರಲಿಲ್ಲ. 1953ರಲ್ಲಿ ಅಮೆರಿಕದ ಎಂಐಟಿಯ ವರ್ಲ್‌ವಿಂಡ್ ಗಣಕಕ್ಕೆ ಅಳವಡಿಸಿದ ಸ್ಮೃತಿಯು, ಕಾಂತಗುಣದ ಪುಟ್ಟ ಉಂಗುರಗಳನ್ನು ತಂತಿಗಳಲ್ಲಿ ಪೋಣಿಸಿದ ಬಲೆಯಾಗಿತ್ತು. ವಿದ್ಯುತ್ತು ನಿಂತರೂ ಉಂಗುರಗಳ ಕಾಂತತ್ವ ಉಳಿಯುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರಲ್ಲಿ ಆರಂಭವಾದ ಗಣಕ ಕೇಂದ್ರದ ಐಬಿಎಂ 360 ಯಂತ್ರದ ಸ್ಮೃತಿಯೂ ಇದೇ ಬಗೆಯದು. ಅದೇ 1970ರಲ್ಲಿ ಇಂಟೆಲ್ ಸಂಸ್ಥೆಯು 1103 ಎಂಬ ಸ್ಮೃತಿ ಚಿಪ್ಪನ್ನು ಮಾರುಕಟ್ಟೆಗೆ ತಂದಿತು. ಇದು ಚಿಕ್ಕದು, ಅಗ್ಗ. ಆದರೆ ಸೋರುವ ಬಿಂದಿಗೆಯಂತೆ. ಸೆಕೆಂಡಿಗೆ ನೂರಾರು ಬಾರಿ ತುಂಬುತ್ತಿದ್ದರೆ ಮಾತ್ರ ನೆನಪು ನಿಲ್ಲುತ್ತದೆ. ಇಂದಿನ ಲ್ಯಾಪ್‌ಟಾಪಿನ ಸ್ಮೃತಿಯೂ ಈ ವಂಶದ್ದೇ.

1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸಂಸ್ಥೆಗಳು ಸೇರಿ ಎಸಿಪಿಐ ಎಂಬ ನಿಯಮಾವಳಿಯನ್ನು ಪ್ರಕಟಿಸಿ, ಗಣಕದ ನಿದ್ದೆಗೆ ಮಜಲುಗಳನ್ನು ಗೊತ್ತುಪಡಿಸಿದವು. ಮೂರನೆಯ ಮಜಲಿನಲ್ಲಿ ಸ್ಮೃತಿಗೆ ಸ್ವಲ್ಪ ವಿದ್ಯುತ್ತು ಹರಿಯುತ್ತಲೇ ಇರಬೇಕು. ಇದೇ ನನ್ನನ್ನು ಕೆಡಿಸಿದ ಸ್ಲೀಪ್. ನಾಲ್ಕನೆಯದು ಹೈಬರ್ನೇಟ್. ಇಲ್ಲಿ ಸ್ಮೃತಿಯಲ್ಲಿರುವುದನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರ ಆರುತ್ತದೆ. ಬ್ಯಾಟರಿ ಬರಿದಾದರೂ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಐದನೆಯದು ಷಟ್‌ಡೌನ್.

ಸ್ವಾರಸ್ಯವೆಂದರೆ, 2012ರ ವಿಂಡೋಸ್ 8ರಿಂದ ಈ ಪದದ ಅರ್ಥವೇ ಬದಲಾಯಿತು. ಬೇಗ ಏಳಲೆಂದು, ಷಟ್‌ಡೌನ್ ಒತ್ತಿದಾಗ ನಮ್ಮ ಕಡತಗಳನ್ನೆಲ್ಲ ಮುಚ್ಚಿದರೂ ವಿಂಡೋಸಿನ ತಿರುಳನ್ನು ಡಿಸ್ಕಿನಲ್ಲಿ ಬರೆದಿಡುವ ಏರ್ಪಾಡು ಬಂದಿತು. ಈ ಏರ್ಪಾಡಿರುವ ಯಂತ್ರ ಹೊಸದಾಗಿ ಆರಂಭವಾಗಬೇಕಾದರೆ ರೀಸ್ಟಾರ್ಟನ್ನೇ ಒತ್ತಬೇಕು. ಹೆಸರು ಹಾಗೆಯೇ ಉಳಿದು ಅರ್ಥ ಬದಲಾಗುವುದು ಇತಿಹಾಸದಲ್ಲಿ ಹೊಸತೇನಲ್ಲವಷ್ಟೆ.

ಈಗ ನಾನು ನಡುವೆ ಎದ್ದು ಹೋಗುವಾಗ ಹೈಬರ್ನೇಟ್ ಮಾಡುತ್ತೇನೆ. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡುತ್ತೇನೆ. ಎರಡಕ್ಕೂ ಮೊದಲು ಕಡತವನ್ನು ಸೇವ್ ಮಾಡುತ್ತೇನೆ. ಅತ್ತೆಯವರು ಅಂದು ಬೇಸರಿಸದೆ ಮತ್ತೊಮ್ಮೆ ಹೇಳಿದರು. ಆದರೆ ಹಿಂದಿನ ದಿನ ಹೇಳಿದ್ದರಲ್ಲಿ ಅರ್ಧವೂ ಅವರಿಗೆ ನೆನಪಿಗೆ ಬರಲಿಲ್ಲ. ಈಗ ಅವರಿಲ್ಲ. ನಿಮ್ಮ ಮನೆಯ ಹಿರಿಯರ ಮಾತನ್ನು ಬರೆದುಕೊಳ್ಳುವವರು ಇದನ್ನು ಮರೆಯಬಾರದೆಂದು ಇಷ್ಟು ಬರೆದೆನು.