ಕಳೆದುಹೋದ ಕಾರ್ ಕೀ ಮತ್ತು ಅದರ ಹಿಂದಿನ ನೂರು ವರ್ಷ

ಹೋದ ವರ್ಷ ತಿಪಟೂರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ಇನ್ನು ಹೊರಡೋಣ ಅಂತ ಜೇಬಿಗೆ ಕೈ ಹಾಕಿದರೆ ಕಾರಿನ ಕೀ ಇಲ್ಲ! ಛತ್ರದ ಮೂಲೆಮೂಲೆ ಹುಡುಕಿದ್ದಾಯಿತು, ಎಂಜಲೆಲೆಯ ಡ್ರಮ್ಮನ್ನೂ ಬಗ್ಗಿ ನೋಡಿದ್ದಾಯಿತು. ಸಿಗಲಿಲ್ಲ. ನನ್ನದು ಸೆಕೆಂಡ್ ಹ್ಯಾಂಡ್ ಕಾರು, ಇದ್ದದ್ದೇ ಒಂದು ಕೀ. ಮಾರಿದವರು "ಇನ್ನೊಂದು ಎಲ್ಲೋ ಹೋಯ್ತು, ಒಂದು ಡೂಪ್ಲಿಕೇಟ್ ಮಾಡಿಸ್ಕೊಳ್ಳಿ, ಐದು ನಿಮಿಷದ ಕೆಲಸ" ಅಂದಿದ್ದರು. ಆ ಐದು ನಿಮಿಷ ನನಗೆ ಮೂರು ವರ್ಷದಲ್ಲಿ ಸಿಕ್ಕಿರಲಿಲ್ಲ.

ಬಸ್ ಸ್ಟ್ಯಾಂಡ್ ಹತ್ತಿರ ಕೀ ಮಾಡುವವರನ್ನು ಭಾವ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದರು. ವಯಸ್ಸಾದವರು. ಕಾರಿನ ಸುತ್ತ ಒಂದು ಸುತ್ತು ಬಂದು ಹೇಳಿದರು: "ಬಾಗಿಲು ತೆಗೆದುಕೊಡ್ತೀನಿ ಸಾರ್. ಕೀನೂ ಮಾಡಿಕೊಡ್ತೀನಿ, ತಿರುಗತ್ತೆ. ಆದ್ರೆ ಗಾಡಿ ಸ್ಟಾರ್ಟ್ ಆಗಲ್ಲ. ಇದ್ರದ್ದು ಚಿಪ್ ಕೀ."

ಕೀ ತಿರುಗತ್ತೆ, ಗಾಡಿ ಸ್ಟಾರ್ಟ್ ಆಗಲ್ಲ! ಅಪ್ಪನ ಮಾರುತಿ 800ರ ಕೀ ಕಳೆದಾಗ ಇಂಥವರೇ ಒಬ್ಬರು ರಸ್ತೆ ಬದಿಯಲ್ಲಿ ಅರ್ಧ ಗಂಟೆ ಕೂತು ಹೊಸ ಕೀ ಮಾಡಿಕೊಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ. ಹಾಗಾದರೆ ನಡುವೆ ಏನಾಯಿತು? ಆಮೇಲೆ ಕೂತು ಓದಿದೆ. ಓದಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊಟ್ಟಮೊದಲ ಕಾರುಗಳಿಗೆ ಕೀ ಇರಲೇ ಇಲ್ಲ. ಕಾರ್ಲ್ ಬೆಂಜ್‌ನ ಕಾರನ್ನು ಹಿಂದಿನ ದೊಡ್ಡ ಚಕ್ರವನ್ನು ಕೈಯಿಂದ ತಿರುಗಿಸಿ ಸ್ಟಾರ್ಟ್ ಮಾಡಬೇಕಿತ್ತು. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಅದೇ ಕಾರಿನಲ್ಲಿ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರುಮನೆಗೆ, ನೂರು ಕಿಲೋಮೀಟರಿನಷ್ಟು ದೂರ ಹೋದಳು. ಕಾರಿನಲ್ಲಿ ಅಷ್ಟು ದೂರ ಹೋದ ಮೊದಲ ಪ್ರಯಾಣ ಅಂತ ಅದು ಪ್ರಸಿದ್ಧ. ಕೀ ಅಂತ ಒಂದಿದ್ದು, ಅದು ಗಂಡನ ಜೇಬಿನಲ್ಲಿದ್ದಿದ್ದರೆ ಏನಾಗುತ್ತಿತ್ತೋ :)

ಆಮೇಲೆ ಬಂದದ್ದು ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸುವ ಕಾಲ. ಹ್ಯಾಂಡಲ್ ವಾಪಸ್ ಹೊಡೆದು ಕೈ ಮುರಿದುಕೊಂಡವರು ಬಹಳ ಜನ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಬಂತು. ಆಗಲೂ ಸ್ಟಾರ್ಟ್ ಮಾಡಲು ಬೇರೆ ಗುಂಡಿ ಇರುತ್ತಿತ್ತು. ಕಾರುಗಳಿಗೆ ಕೀ ಬಂದಾಗಲೂ ಅದರ ಕೆಲಸ ಇಗ್ನಿಷನ್ ಕರೆಂಟನ್ನು ಆನ್ ಆಫ್ ಮಾಡುವುದಷ್ಟೇ. ಕೀ ತಿರುಗಿಸಿದರೆ ಎಂಜಿನ್ನೇ ಶುರುವಾಗುವ, ನಮಗೆ ಗೊತ್ತಿರುವ ಏರ್ಪಾಡನ್ನು ತಂದದ್ದು 1949ರ ಕ್ರೈಸ್ಲರ್.

ಅಂದ ಹಾಗೆ, ಲೋಹದ ಕೀಯಲ್ಲಿ ಗುಟ್ಟು ಅಂತ ಇರುವುದು ಹಲ್ಲುಗಳ ಆಳ ಮಾತ್ರ. ಬೀಗದ ಒಳಗೆ ಸ್ಪ್ರಿಂಗ್ ಹಾಕಿದ ತೆಳು ಬಿಲ್ಲೆಗಳಿರುತ್ತವೆ. ಒಂದೊಂದು ಹಲ್ಲೂ ಒಂದೊಂದು ಬಿಲ್ಲೆಯನ್ನು ಸರಿಯಾದ ಮಟ್ಟಕ್ಕೆ ತಂದರೆ ಬೀಗ ತಿರುಗುತ್ತದೆ. ಆಳಗಳನ್ನು ಅಂಕಿಗಳಲ್ಲಿ ಬರೆದಿಟ್ಟರೆ ಅದೇ ಕೀ ನಂಬರ್. ನಂಬರ್ ಇದ್ದರೆ ಮೂಲ ಕೀ ನೋಡದೆಯೇ ಹೊಸದು ಕತ್ತರಿಸಬಹುದು. ನಂಬರ್ ಇಲ್ಲದಿದ್ದರೂ ನಮ್ಮ ರಸ್ತೆ ಬದಿಯ ಕೀ ಮಾಡುವವರಿಗೆ ತೊಂದರೆಯಿಲ್ಲ. ಹಲ್ಲಿಲ್ಲದ ಬೋಳು ಕೀ ಒಳಗೆ ಹಾಕಿ ಒತ್ತಿ ತಿರುಗಿಸುತ್ತಾರೆ, ಬಿಲ್ಲೆ ತಾಗಿದ ಕಡೆ ಸಣ್ಣ ಗುರುತು ಬೀಳುತ್ತದೆ, ಅಲ್ಲಿ ಅರದಲ್ಲಿ ಉಜ್ಜುತ್ತಾರೆ, ಮತ್ತೆ ಹಾಕುತ್ತಾರೆ. ಅಂದರೆ ಬೀಗವೇ ತನ್ನ ಗುಟ್ಟನ್ನು ಹೇಳಿಕೊಡುತ್ತದೆ! 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರನ್ನು ಹರ್‌ಪಾಲ್ ಸಿಂಗ್ ಅವರಿಗೆ ಹಸ್ತಾಂತರಿಸಿದಾಗ ಕೊಟ್ಟದ್ದು ಇಂಥದ್ದೇ ಕೀ. ಅದಕ್ಕೆ ನಮ್ಮ ಕನ್ನಡದಲ್ಲಿ 'ಬೀಗದ ಕೈ' ಅನ್ನುತ್ತಾರಲ್ಲ, ಎಷ್ಟು ಸರಿಯಾದ ಮಾತು. ಕೈ ಯಾರದ್ದು ಅಂತ ಆ ಬೀಗ ಕೇಳುತ್ತಿರಲಿಲ್ಲ.

ಕೇಳದೇ ಇದ್ದದ್ದೇ ಕಳ್ಳರಿಗೂ ಅನುಕೂಲವಾಯಿತು. ಅವರಿಗೆ ಕೀಯೂ ಬೇಕಿರಲಿಲ್ಲ, ಡ್ಯಾಶ್‌ಬೋರ್ಡ್ ಕೆಳಗಿನ ಎರಡು ವೈರ್ ಸೇರಿಸಿದರೆ ಸಾಕಿತ್ತು. ಅಮೆರಿಕದ ಜನರಲ್ ಮೋಟಾರ್ಸ್ 1969ರ ಮಾಡೆಲ್‌ಗಳಿಗೆ ಸ್ಟೀರಿಂಗ್ ಲಾಕ್ ಹಾಕಿತು. 1986ರಲ್ಲಿ ಅದೇ ಕಂಪನಿ ಕಾರ್ವೆಟ್ ಕಾರಿನ ಕೀಯಲ್ಲಿ ಒಂದು ಸಣ್ಣ ರೆಸಿಸ್ಟರ್ ಕೂರಿಸಿತು. ಹಲ್ಲು ಸರಿಯಿದ್ದರೂ ರೆಸಿಸ್ಟರ್ ಬೇರೆಯಾದರೆ ಗಾಡಿ ಹೊರಡದು. ಆದರೆ ಇದ್ದದ್ದು ಹದಿನೈದೇ ಬಗೆ. ಮೀಟರ್ ಹಿಡಿದು ಅಳೆದರೆ ಗುಟ್ಟು ರಟ್ಟು.

ದೊಡ್ಡ ಬದಲಾವಣೆ ಬಂದದ್ದು ಜರ್ಮನಿಯಿಂದ. 1989ರಲ್ಲಿ ಬರ್ಲಿನ್ ಗೋಡೆ ಬಿದ್ದು ಗಡಿಗಳು ತೆರೆದ ಮೇಲೆ ಅಲ್ಲಿ ಕಾರು ಕಳ್ಳತನ ವಿಪರೀತ ಹೆಚ್ಚಿತು. ಕದ್ದ ಕಾರುಗಳು ಪೂರ್ವ ಯೂರೋಪಿನ ಕಡೆ ಹೋಗುತ್ತಿದ್ದವು. ಪರಿಹಾರ ಕೊಟ್ಟು ಸುಸ್ತಾದ ವಿಮಾ ಕಂಪನಿಗಳು ಇಮ್ಮೊಬಿಲೈಸರ್ ಬೇಕೇ ಬೇಕು ಅಂತ ಹಟ ಹಿಡಿದವು. 1995ರಲ್ಲಿ ಯೂರೋಪಿಯನ್ ಒಕ್ಕೂಟ ನಿಯಮ ಮಾಡಿತು, 1998ರ ಅಕ್ಟೋಬರಿನಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯವಾಯಿತು. ನಮ್ಮಲ್ಲೂ 2000ದ ದಶಕದಲ್ಲಿ ಸಣ್ಣ ಕಾರುಗಳವರೆಗೂ ಇಳಿಯಿತು. ಮಾರುತಿಯವರು ಅದನ್ನು 'ಐಕ್ಯಾಟ್ಸ್' ಅಂತ ಕರೆದರು.

ಅದು ಕೆಲಸ ಮಾಡುವ ರೀತಿ ಹೀಗೆ: ಕೀಯ ಕಪ್ಪು ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚಿಪ್. ಅದಕ್ಕೆ ಬ್ಯಾಟರಿ ಬೇಡ. ಕೀ ತೂರಿಸುವ ಜಾಗದ ಸುತ್ತ ಇರುವ ತಂತಿಸುರುಳಿಯಿಂದಲೇ ಅದಕ್ಕೆ ಶಕ್ತಿ ಸಿಗುತ್ತದೆ. ಕಾರಿನ ಕಂಪ್ಯೂಟರ್ ಒಂದು ಸಂಖ್ಯೆ ಕಳಿಸುತ್ತದೆ, ಚಿಪ್ ತನ್ನೊಳಗಿನ ಗುಟ್ಟಿನ ಸಂಖ್ಯೆ ಸೇರಿಸಿ ಲೆಕ್ಕ ಹಾಕಿ ಉತ್ತರ ಕೊಡುತ್ತದೆ. ಉತ್ತರ ತಪ್ಪಿದರೆ ಎಂಜಿನ್ ಓಡುವುದಿಲ್ಲ. ಬೀಗ ಕೊನೆಗೂ "ಯಾರು ನೀನು?" ಅಂತ ಕೇಳಲು ಕಲಿಯಿತು.

ಇಲ್ಲೇ ನೋಡಿ ನಮ್ಮಂಥವರ ಕಷ್ಟ ಶುರುವಾದದ್ದು. ಇಂಥ ಕೀ ಕತ್ತರಿಸಿದರೆ ಸಾಲದು, ಅದರ ಹೆಸರನ್ನು ಕಾರಿನ ರಿಜಿಸ್ಟರಿಗೆ ಸೇರಿಸಬೇಕು. ಸೇರಿಸುವ ಅಧಿಕಾರ ಯಾರದ್ದು? ಅಮೆರಿಕದಲ್ಲಿ ಮಾರಿದ ಹಲವು ಫೋರ್ಡ್ ಕಾರುಗಳಲ್ಲಿ, ಎರಡು ಕೀ ಇದ್ದ ಮಾಲೀಕ ಮನೆಯಲ್ಲೇ ಮೂರನೆಯದನ್ನು ಸೇರಿಸಿಕೊಳ್ಳಬಹುದಿತ್ತು. ಒಂದೇ ಇದ್ದರೆ ಆಗದು, ಯಂತ್ರ ಇರುವವರ ಹತ್ತಿರ ಹೋಗಬೇಕು. ಫಿಯಟ್‌ನವರು 1990ರ ದಶಕದಲ್ಲಿ ಕೆಂಪು ತಲೆಯ ಒಂದು ಮಾಸ್ಟರ್ ಕೀ ಕೊಡುತ್ತಿದ್ದರು, ಹೊಸ ಕೀ ಸೇರಿಸುವುದಕ್ಕೆ ಮಾತ್ರ. ಅದನ್ನು ಕಳೆದುಕೊಂಡವರಿಗೆ ಎಂಜಿನ್ ಕಂಪ್ಯೂಟರನ್ನೇ ಬದಲಾಯಿಸಿ ಎಂಬ ಉತ್ತರ ಸಿಗುತ್ತಿತ್ತು! ಒಂದು ಕೀ ಇರುವುದಕ್ಕೂ ಎರಡು ಇರುವುದಕ್ಕೂ ಇಷ್ಟು ಅಂತರ ಹಿಂದೆಂದೂ ಇರಲಿಲ್ಲ.

ಹಾಗಂತ ಇದೆಲ್ಲ ಕಂಪನಿಗಳ ದುಡ್ಡಿನ ಆಟ ಅಂತ ಬೈದುಬಿಡುವ ಹಾಗೂ ಇಲ್ಲ. ಅಮೆರಿಕದಲ್ಲಿ ಇಮ್ಮೊಬಿಲೈಸರ್ ಕಡ್ಡಾಯವಾಗಿರಲಿಲ್ಲ. ಅಲ್ಲಿ ಹ್ಯುಂಡೈ ಮತ್ತು ಕಿಯಾ ಕಂಪನಿಗಳು ಅದಿಲ್ಲದ ಅನೇಕ ಕಾರು ಮಾರಿದ್ದವು. 2021-22ರಲ್ಲಿ ಹುಡುಗರು ಯುಎಸ್‌ಬಿ ಕೇಬಲ್ಲಿನ ತುದಿಯಿಂದ ಅವನ್ನು ಸ್ಟಾರ್ಟ್ ಮಾಡಿ ಕದಿಯುವ ವಿಡಿಯೋ ಹಾಕಿದರು, ಕಳ್ಳತನ ಊರೂರಿಗೆ ಹಬ್ಬಿತು. ಪಕ್ಕದ ಕೆನಡಾದಲ್ಲಿ 2007ರಿಂದಲೇ ಕಡ್ಡಾಯವಿದ್ದುದರಿಂದ ಅಲ್ಲಿ ಆ ಉಪಾಯ ನಡೆಯಲಿಲ್ಲ.

ಆದರೆ ಇನ್ನೊಂದು ಮುಖವೂ ಇದೆ. 2005ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಸಂಸ್ಥೆಯ ಸಂಶೋಧಕರು ಫೋರ್ಡ್ ಕಾರುಗಳಲ್ಲೂ ಇದ್ದ ಒಂದು ಬಗೆಯ ಚಿಪ್ಪಿನ ಗುಟ್ಟನ್ನು ಭೇದಿಸಿ ತೋರಿಸಿದರು. 2013ರಲ್ಲಿ ಇನ್ನೊಂದು ಚಿಪ್ಪಿನ ದೋಷ ಪ್ರಕಟಿಸಲು ಹೊರಟವರನ್ನು ಫೋಕ್ಸ್‌ವ್ಯಾಗನ್ ಕಂಪನಿ ಇಂಗ್ಲೆಂಡಿನ ಕೋರ್ಟಿನಿಂದ ತಡೆಸಿತು. ಆ ಪ್ರಬಂಧ ಹೊರಬಂದದ್ದು 2015ರಲ್ಲಿ. ಅಂದರೆ ಕಂಪ್ಯೂಟರ್ ಹಿಡಿದ ಜಾಣನಿಗೆ ಬಾಗಿಲು ತೆರೆದೇ ಇತ್ತು. ಆರ್‌ಸಿ ಕೈಯಲ್ಲಿ ಹಿಡಿದು ತಿಪಟೂರಿನ ಛತ್ರದ ಮುಂದೆ ನಿಂತವನಿಗೆ ಮಾತ್ರ ಇಲ್ಲ.

ಇರಲಿ. ಆ ದಿನ ನಾವು ಬಸ್ಸಿನಲ್ಲಿ ಊರಿಗೆ ಬಂದೆವು. ಕೀ ಕಳೆದ ಬಗ್ಗೆ ಪೊಲೀಸ್ ದೂರು, ಆರ್‌ಸಿ, ಗುರುತಿನ ಚೀಟಿ ಎಲ್ಲ ಹೊಂದಿಸಿ, ಹೊಸ ಕೀ ಬರುವವರೆಗೆ ಕಾದು, ಕಾರನ್ನು ಟ್ರಕ್ಕಿನ ಮೇಲೆ ಸಾಗಿಸಿ, ಎಲ್ಲ ಸೇರಿ ಹದಿಮೂರು ಸಾವಿರ ಚಿಲ್ಲರೆ. ಹನ್ನೊಂದು ದಿನ. ಈ ಸಲ ಎರಡು ಕೀ ಮಾಡಿಸಿದೆ. ಕಾರು ಕಳುವಾದರೆ ವಿಮೆಯವರು ಸಾಮಾನ್ಯವಾಗಿ ಎರಡೂ ಕೀ ಕೇಳುತ್ತಾರೆ ಅನ್ನುವುದು ನನಗೆ ಗೊತ್ತಾದದ್ದೂ ಆಗಲೇ. ಹಿಂದೆ ಎರಡನೇ ಕೀ ಅನುಕೂಲಕ್ಕೆ ಇತ್ತು. ಈಗ ಅದು ಕಾರು ನಿಮ್ಮದೇ ಎಂಬುದಕ್ಕೆ ಸಾಕ್ಷಿ. ಹಳೇ ಕಾರು ಕೊಳ್ಳುವವರು ಟೈರು, ಎಂಜಿನ್ ನೋಡುವ ಮೊದಲು "ಇನ್ನೊಂದು ಕೀ ಎಲ್ಲಿ?" ಅಂತ ಕೇಳಿ. ಇರುವುದು ಒಂದೇ ಆದರೆ, ಅದು ಕೈಯಲ್ಲಿರುವಾಗಲೇ ಇನ್ನೊಂದು ಮಾಡಿಸಿಬಿಡಿ. ಕೆಲಸ ಮಾಡುವ ಕೀ ಒಂದಿದ್ದರೆ ಅರ್ಧ ಕೆಲಸ ಮುಗಿದಂತೆ.

ಮರೆತಿದ್ದೆ. ನಾಲ್ಕು ತಿಂಗಳ ನಂತರ ಚಿಕ್ಕಮ್ಮ ಫೋನ್ ಮಾಡಿದರು. ಮದುವೆಯಲ್ಲಿ ತಾಂಬೂಲದ ಚೀಲಗಳು ಮಿಕ್ಕಿದ್ದವಂತೆ, ಒಂದರಲ್ಲಿ ಒಣಗಿದ ತೆಂಗಿನಕಾಯಿಯ ಜೊತೆ ನನ್ನ ಕೀ! ಹೊಸ ಕೀ ಸೇರಿಸುವಾಗ ಹಳೆಯದರ ಹೆಸರನ್ನು ಕಾರಿನಿಂದ ಅಳಿಸಿದ್ದರು. ಹಾಕಿ ನೋಡಿದೆ. ಬಾಗಿಲು ತೆಗೆಯಿತು, ತಿರುಗಿತು ಕೂಡ. ಗಾಡಿ ಸ್ಟಾರ್ಟ್ ಆಗಲಿಲ್ಲ.