ಎಳೆಯ ನಾಳಕ್ಕೆ ದಾರಿ

ಶಿವಮೊಗ್ಗ, ಭದ್ರಾವತಿಗಳ ಓದುಗರಿಗೆ ಮೆಗ್ಗಾನ್ ಆಸ್ಪತ್ರೆಯ ಹೆಸರು ಹೊಸದಲ್ಲ. ದಿನ ತುಂಬದೆ ಹುಟ್ಟಿದ ಕೂಸನ್ನು ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಒಂದು ಕಿಲೋ ತೂಗುವ ಅಂಥ ಶಿಶುವಿನ ಮೈಯ ರಕ್ತವೆಲ್ಲ ಸೇರಿದರೂ 100 ಮಿಲಿಲೀಟರಿನ ಒಳಗೇ, ಎಂದರೆ ಅರ್ಧ ಲೋಟ. ಹೀರಿ ಕುಡಿಯಲಾರದ ಆ ಜೀವಕ್ಕೆ ಸಕ್ಕರೆಯ ದ್ರವವಾಗಲಿ ಔಷಧವಾಗಲಿ ರಕ್ತನಾಳದ ಮೂಲಕವೇ ಹೋಗಬೇಕು. ನಾಳವೋ, ದಾರದಷ್ಟು ಸಣ್ಣದು. ವೈದ್ಯರು ಈ ದಾರಿಯನ್ನು ಕಂಡುಕೊಂಡ ಬಗೆ ಕೇಳತಕ್ಕುದಾಗಿದೆ.

1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಾಟಾ ಕಾಲರಾ ರೋಗಿಗಳ ನಾಳಕ್ಕೆ ಉಪ್ಪುನೀರು ಹಾಯಿಸಿದನು. ದೊಡ್ಡವರ ತೋಳಿನಲ್ಲಿ ಸಾಧ್ಯವಾದುದು ಹಸುಳೆಯ ತೋಳಿನಲ್ಲಿ ಸುಲಭವಾಗಲಿಲ್ಲ. 1915ರಲ್ಲಿ ಅಮೆರಿಕದ ಹೆಲ್ಮ್‌ಹೋಲ್ಜ್ ಎಂಬ ವೈದ್ಯರು ನೆತ್ತಿಯ ಕೆಳಗಿನ ದೊಡ್ಡ ನಾಳಕ್ಕೆ ಚುಚ್ಚುವುದೇ ಲೇಸೆಂದು ಬರೆದರು. ನಮ್ಮ ಅಜ್ಜಿಯರು ಬೆರಳು ತಾಗಿತೋ ಇಲ್ಲವೋ ಎಂಬಂತೆ ಹರಳೆಣ್ಣೆ ಒತ್ತುವ ಆ ಮೆತ್ತನೆಯ ನೆತ್ತಿಗೇ ಸೂಜಿ! ಕೆಳಗೇ ಮಿದುಳು. ಓದುವಾಗಲೇ ಮೈ ಜುಮ್ಮೆನ್ನುತ್ತದೆ. ಆದರೆ ಅಂದಿನವರಿಗೆ ಬೇರೆ ನಾಳ ಕೈಗೆ ಸಿಗುತ್ತಿರಲಿಲ್ಲವೆಂಬುದನ್ನು ಮರೆಯಬಾರದು.

ಇನ್ನೊಂದು ದಾರಿ ಕಣ್ಣೆದುರೇ ಇತ್ತು. ಗರ್ಭದಲ್ಲಿ ಮಗುವಿಗೆ ಆಹಾರ ತಂದ ಹೊಕ್ಕುಳಬಳ್ಳಿಯ ಅಭಿಧಮನಿಯು ಹುಟ್ಟಿದ ಮೇಲೂ ಕೆಲವು ದಿನ ಕೊಳವೆಗೆ ಎಡೆಗೊಡುತ್ತದೆ. 1940ರ ದಶಕದಲ್ಲಿ ಬಾಸ್ಟನ್ನಿನ ಲೂಯಿ ಡೈಮಂಡ್ ಅದರೊಳಗೆ ಪ್ಲಾಸ್ಟಿಕ್ ಕೊಳವೆ ತೂರಿಸಿ, ತಾಯಿಯ ಮತ್ತು ತನ್ನ ರಕ್ತದ ಆರ್‌ಎಚ್ ಭೇದದಿಂದ ಕಾಮಾಲೆಗೆ ತುತ್ತಾದ ಕೂಸುಗಳ ರಕ್ತವನ್ನೇ ಬದಲಿಸಿದರು.

1923ರಲ್ಲಿ ಕಬ್ಬಿಣದ ಕಾರ್ಖಾನೆ ಕಂಡ ಭದ್ರಾವತಿಯಲ್ಲಿ ಲೋಹದ ಕುಂದನ್ನು ಆಡುವುದು ಸಂಕೋಚವೇ ಸರಿ. ಆದರೂ ಹೇಳಬೇಕು: ಕೂಸು ಕೈ ಒದರಿದರೆ ಗಡುಸಾದ ಸೂಜಿ ನಾಳವನ್ನು ಹರಿಯುತ್ತದೆ, ಮೆದುವಾದ ಕೊಳವೆ ಬಾಗುತ್ತದೆ. 1950ರಲ್ಲಿ ಮೇಯೊ ಕ್ಲಿನಿಕ್ಕಿನ ಮಾಸ್ಸಾ ಸೂಜಿಯ ಮೇಲೆ ಪ್ಲಾಸ್ಟಿಕ್ ತೊಡಿಸಿ, ನಾಳ ಹೊಕ್ಕೊಡನೆ ಸೂಜಿಯನ್ನು ಹಿಂತೆಗೆಯುವ ಉಪಾಯ ಮಾಡಿದರು. ಇದೂ ಎಳೆಯ ಕೈಯಲ್ಲಿ ಬಹಳ ದಿನ ನಿಲ್ಲದು. ದ್ರವ ಹೊರಸೋರಿ ಚರ್ಮ ಬಾತು ಕೆಲವೊಮ್ಮೆ ಹುಣ್ಣಾಗುತ್ತದೆ. 1973ರಲ್ಲಿ ಲಂಡನ್ನಿನ ಶಾ, ಹೊರಗಿನ ಸಣ್ಣ ನಾಳದಿಂದ ಹೃದಯದ ಸಮೀಪಕ್ಕೆ ಸಿಲಿಕೋನಿನ ಎಳೆಯಂಥ ಕೊಳವೆ ನಡೆಸುವ ಕ್ರಮವನ್ನು ಪ್ರಕಟಿಸಿದರು. ಅದು ವಾರಗಟ್ಟಲೆ ನಿಲ್ಲಬಲ್ಲುದು. ಆದರೆ ಸೋಂಕು ತಗಲಿದರೆ ರಕ್ತಕ್ಕೇ ತಗಲುತ್ತದೆ. ಕೈ ತೊಳೆಯದೆ ಅದನ್ನು ಮುಟ್ಟುವಂತಿಲ್ಲ.

ಉಳಿದುದೆಲ್ಲ ಕೈಯ ಹದ. ಈಗ ಅಂಗೈಯಡಿ ತಣ್ಣನೆಯ ದೀಪ ಹಿಡಿದರೆ ನಾಳವು ಕಪ್ಪುಗೆರೆಯಾಗಿ ಕಾಣುತ್ತದೆ. ಒಂದೆರಡು ಸಲ ತಪ್ಪಿದವರು ಹೆಚ್ಚು ಪಳಗಿದವರಿಗೆ ಬಿಟ್ಟುಕೊಡಬೇಕು; ಕೆಟ್ಟ ನಾಳ ಬೇಗ ಮರಳದು. ತಾಯಿಯ ಹಾಲು ಹನಿಹನಿಯಾಗಿ ಹೊಟ್ಟೆಗೆ ಒಗ್ಗಿ, ಅಳತೆ ತುಂಬಿತೆಂದರೆ ಕೊಳವೆಯನ್ನು ತೆಗೆದುಬಿಡುತ್ತಾರೆ.